ಗಿಡುಗದ ಕೆಳಗ ಓಡೋ ನಾಯಿಮರಿಗೆ ಏನೇನು ಕಲಿಸಬೇಕು?

ವಾಘೋಲಿ ಹುಡುಗ
ಪುಣೆ ಕನ್ನಡ ಮಂದಿಗೆ ನಮಸ್ಕಾರ್ರಿ. ನಮ್ಮ ಕಾಕಾನ ಮಗ ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ಹ್ಯಾರಿಸ್ ಗಿಡುಗ ಸಾಕ್ಯಾನ. ಅದರ ಕೈಲೆ ಮೊಲ ಹಿಡಸ್ತಾನ. ಹೆಣ್ಣು, ಹಾರೋ ತೂಕ (ಬೇಟಿಗೆ ಬಿಡುವಾಗಿನ ತೂಕ) 940 ಗ್ರಾಂ. ಪೊದಿಯೊಳಗಿನ ಮೊಲ ಎಬ್ಬಿಸಾಕ ಅಂತ ಈಗ 10 ವಾರದ ಬೀಗಲ್ ಮರಿ ತಂದಾನ. ನನ್ನ ಹತ್ರ 4 ತಿಂಗಳ ಮುಧೋಳ ಗಂಡು ಮರಿ ಐತಿ. ಕೇಳೋದು ಎರಡು:

ಒಂದು, ಗಿಡುಗಕ್ಕ ನಾಯಿಮರಿ ಹೊಂದಿಸೋದು ಹೆಂಗ, ಯಾವುದು ಮೊದಲು?
ಎರಡು, ಅದೇ ಪಾಠ ನನ್ನ ಮರಿಗೂ ಹತ್ತತದ ಏನು? ಇಲ್ಲಿ ಗಿಡುಗ ಇಲ್ಲ, ನನಗ ಬೇಕಾಗೂ ಇಲ್ಲ. ಬಯಲಾಗ ಬಿಟ್ಟಾಗ ಕರೆದ್ರ ಬರಬೇಕು, ನಿಲ್ಲು ಅಂದ್ರ ನಿಲ್ಲಬೇಕು, ಅಷ್ಟ.

ಗೆಜ್ಜೆ ಸದ್ದು
ಒಳ್ಳೆ ಪ್ರಶ್ನೆ. ಮೊದಲು ಒಂದು ತಪ್ಪು ಕಲ್ಪನೆ ತೆಗೆಯೋಣ. ಹೆಚ್ಚಿನವರು ಮರಿಗೆ ಮೊಲದ ಹುಚ್ಚು ಹಿಡಿಸೋದರಿಂದ ಶುರು ಮಾಡ್ತಾರೆ. ಬೀಗಲ್‌ಗೆ ಆ ಹುಚ್ಚು ಹುಟ್ಟಿನಿಂದಲೇ ಇದೆ, ಅದನ್ನ ಯಾರೂ ಕಲಿಸಬೇಕಿಲ್ಲ. ಕಲಿಸಬೇಕಾದ್ದು ಹಕ್ಕಿ ನೆಲಕ್ಕಿಳಿದ ಕ್ಷಣದಲ್ಲಿ ಐದಾರು ಮೀಟರ್ ದೂರದಲ್ಲೇ ಮಲಗೋದನ್ನ. ಅದು ಬರದ ನಾಯಿ ಎಷ್ಟೇ ಚೆನ್ನಾಗಿ ಮೊಲ ಎಬ್ಬಿಸಿದ್ರೂ ಗಿಡುಗದ ಜೊತೆ ಕೆಲಸಕ್ಕೆ ಬರಲ್ಲ.

ಹ್ಯಾರಿಸ್ ಗಿಡುಗದ ಸ್ವಭಾವ ಗೊತ್ತಿದ್ರೆ ಮುಂದಿನದು ಸುಲಭ. ಅಮೆರಿಕದ ನೈಋತ್ಯ ಭಾಗದಿಂದ ಚಿಲಿ, ಅರ್ಜೆಂಟೀನಾವರೆಗೆ ಅದರ ಊರು. ಗುಂಪು ಕಟ್ಟಿಕೊಂಡು ಬೇಟೆಯಾಡೋ ಅಪರೂಪದ ಗಿಡುಗ. ಹಾಗಾಗಿ ಪರಿಚಯದ ನಾಯಿಯನ್ನ ತನ್ನ ಗುಂಪಿನದೇ ಅಂತ ಒಪ್ಪಿಕೊಳ್ಳತ್ತೆ. ಆದರೆ ಅದರ ಊರಲ್ಲಿ ಕಯೋಟಿ ಅನ್ನೋ ತೋಳದ ಜಾತಿಯ ಪ್ರಾಣಿ ವೈರಿ. ಹೊಸ ನಾಯಿ ಕಂಡರೆ ಅದೇ ನೆನಪು. ಕಾಲು ಬೀಸಿ ಮುಖಕ್ಕೇ ಉಗುರು ಹಾಕತ್ತೆ. ಮರಿಯ ಕಣ್ಣು ಹೋಗೋದು ಹೀಗೇ.

ಕ್ರಮ ಇದು. ಇಂಗ್ಲೆಂಡಲ್ಲಿ ಗಿಡುಗ ಬೇಸಿಗೆಯಲ್ಲಿ ಗರಿ ಉದುರಿಸತ್ತೆ, ಆಗ ಬೇಟೆ ಇಲ್ಲ. ಮರಿಗೆ ಕರೆದರೆ ಬರೋದು, ನಿಲ್ಲೋದು, ಮಲಗೋದು ಎಲ್ಲ ಆ ತಿಂಗಳುಗಳಲ್ಲಿ, ಹಕ್ಕಿ ಇಲ್ಲದೇ ಮುಗಿಸಬೇಕು. ಹಕ್ಕಿಯ ತೂಕ ಇಳಿಸಿ ಮತ್ತೆ ಹಾರಿಸೋಕೆ ಶುರು ಮಾಡೋ ಹೊತ್ತಿಗೆ, ಅಂದ್ರೆ ಸೆಪ್ಟೆಂಬರ್ ಸುಮಾರಿಗೆ, ಇಬ್ಬರನ್ನೂ ಮುಖಾಮುಖಿ ಮಾಡೋದು. ಎರಡೂ ಹಸಿಬಿಸಿ ಇರುವಾಗ ಒಟ್ಟಿಗೆ ಕಲಿಸೋಕೆ ಹೋದರೆ ಎರಡೂ ಕೆಡತ್ತೆ.

ವಾಘೋಲಿ ಹುಡುಗ
ಮುಖಾಮುಖಿ ಅಂದ್ರ ನಿಜಕ್ಕೂ ಹೆಂಗ್ರಿ ಸರ್? ಎಷ್ಟು ದೂರ, ಎಷ್ಟು ದಿನ?

ಗೆಜ್ಜೆ ಸದ್ದು
ಮರಿ ಚೈನಲ್ಲಿ, ಇನ್ನೊಬ್ಬರ ಕೈಯಲ್ಲಿ, ಮಲಗಿದ ಸ್ಥಿತಿಯಲ್ಲಿ, 10 ಮೀಟರ್ ದೂರ. ಪಕ್ಕಕ್ಕೆ ತಿರುಗಿ ಮಲಗಿರಲಿ, ಹಕ್ಕಿಯನ್ನ ನೇರ ದಿಟ್ಟಿಸಬಾರದು. ಹಕ್ಕಿ ಕೈಗವಸಿನ ಮೇಲೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೊದಲು ನಾಯಿ ಕಾಣಬೇಕು, ಎರಡು ಮೂರು ಸೆಕೆಂಡಾದ ಮೇಲೆ ಮಾಂಸ ಕಾಣಬೇಕು. ನಾಯಿ ಹೋದ ತಕ್ಷಣ ಮಾಂಸವೂ ಮಾಯ. ಇದನ್ನ ತಿರುಗಾ ಮುರುಗಾ ಮಾಡಿ, ಹಕ್ಕಿ ತಿನ್ನುತ್ತಿರುವಾಗ ನಾಯಿಯನ್ನ ತಂದರೆ, ಊಟ ಕಸಿಯೋಕೆ ಬಂದ ಪ್ರಾಣಿ ಅಂತ ಪಾಠ ಆಗತ್ತೆ. ಅದನ್ನ ಅಳಿಸೋಕೆ ತಿಂಗಳುಗಟ್ಟಲೆ ಬೇಕು.

ಹಕ್ಕಿಯ ಮೈ ನೋಡಿ ದೂರ ನಿರ್ಧರಿಸಿ. ಗರಿ ಮೈಗೆ ಬಿಗಿಯಾಗಿ ಅಂಟಿದ್ದು, ಕತ್ತು ಉದ್ದವಾಗಿದ್ದು, ಮಾಂಸ ಕಾಲ ಕೆಳಗಿದ್ದರೂ ಬಗ್ಗಿ ತಿನ್ನದಿದ್ದರೆ ದೂರ ಸಾಲದು, ಮೂರು ಮೀಟರ್ ಹಿಂದೆ ಹೋಗಿ. ಮೈ ಕೊಡವಿಕೊಂಡಿತು, ತಲೆ ಬಗ್ಗಿಸಿ ಕಿತ್ತು ತಿಂದಿತು ಅಂದ್ರೆ ಸರಿ ಇದೆ. ದಿನಕ್ಕೆ ಒಂದು ಮೀಟರ್ ಹತ್ತಿರ. ಸಾಮಾನ್ಯವಾಗಿ 10ರಿಂದ 14 ದಿನ. ಆಮೇಲೆ ನಾಯಿ ಚೈನಲ್ಲೇ ಅಡ್ಡ ನಡೆಯಲಿ. ಆಮೇಲೆ ಹಕ್ಕಿಯನ್ನ ಉದ್ದ ದಾರಕ್ಕೆ ಕಟ್ಟಿ 20 ಮೀಟರಿಂದ ಕೈಗೆ ಕರೆಯಿರಿ, ನಾಯಿ ನಿಮ್ಮ ಕಾಲ ಬಳಿ ಮಲಗಿರಲಿ. ಕೊನೆಗೆ ಸತ್ತ ಮೊಲವನ್ನ ದಾರಕ್ಕೆ ಕಟ್ಟಿ ಎಳೆಯೋದು, ಹಕ್ಕಿ ಅದರ ಮೇಲೆ ಎರಗೋದು, ನಾಯಿ 10 ಮೀಟರಲ್ಲಿ ಮಲಗಿ ನೋಡೋದು.

ತೂಕದ ಬಗ್ಗೆ ಒಂದು ಮಾತು. ದಿನಾ ಅದೇ ಹೊತ್ತಿಗೆ, ಗ್ರಾಂ ತೋರಿಸೋ ತಕ್ಕಡಿಯಲ್ಲಿ ತೂಗಬೇಕು. ಹಸಿವು ಹೆಚ್ಚಾದಷ್ಟೂ ಮಾತು ಕೇಳತ್ತೆ ಅಂತ ತೂಕ ಇಳಿಸ್ತಾ ಹೋಗೋದು ದಡ್ಡತನ. ಅತಿ ಹಸಿದ ಹಕ್ಕಿಯೇ ನಾಯಿಗೆ ಉಗುರು ಹಾಕೋದು. ಹಿಂದಿನ ದಿನ ನಾಯಿ ಹತ್ತಿರ ಸುಮ್ಮನಿದ್ದ ಹಕ್ಕಿ ಇವತ್ತು ಎಗರಿದರೆ ಮೊದಲು ತೂಕದ ಪುಸ್ತಕ ತೆಗೆದು ನೋಡಲಿ.

ಮುಧೋಳ ಕಾಕಾ
ಎರಡನೇ ಪ್ರಶ್ನೆಗೆ ನಾ ಹೇಳ್ತೀನಿ. ತಮ್ಮಾ, ಬೀಗಲ್ ಬ್ಯಾರೆ, ನಿನ್ನ ಮರಿ ಬ್ಯಾರೆ. ಬೀಗಲ್ ಮೂಗಿನ ನಾಯಿ. ಮೂಗು ನೆಲಕ್ಕ ಹಚ್ಚಿ, ಬೊಗಳಿಕೋಂತ, ನಿಧಾನಕ್ಕ ಜಾಡು ಹಿಡಿದು ಹೋಗತದ. ಮ್ಯಾಲ ಮರದಾಗ ಕುಂತ ಗಿಡುಗಕ್ಕ ಆ ಬೊಗಳೋದ ಸುದ್ದಿ: ಮೊಲ ಈಗ ಹೊರಗ ಬರತದ ಅಂತ. ಮುಧೋಳ ಕಣ್ಣಿನ ನಾಯಿ. ಸದ್ದಿಲ್ಲ, ಕಂಡ ಕೂಡ್ಲೇ ಬಾಣ. ಗಿಡುಗಕ್ಕಿಂತ ಮೊದಲ ತಾನ ಹಿಡಿಯಾಕ ಹೋಗತದ. ಇಬ್ಬರೂ ಒಂದ ಮೊಲದ ಮ್ಯಾಲ ಬಿದ್ರ ಹಕ್ಕಿ ರೆಕ್ಕಿ ಮುರೀತಂತ ತಿಳಿ. ಅರಬ್ ದೇಶದಾಗ ಸಲೂಕಿ ನಾಯಿ, ಸೇಕರ್ ಗಿಡುಗ ಕೂಡಿಸಿ ಬೇಟೆ ಆಡತಿದ್ರು. ಅದು ಬಟಾಬಯಲು, ಬೇಟಿ ದೂರ ಓಡತದ, ಲೆಕ್ಕ ಪೂರಾ ಬ್ಯಾರೆ. ಪೊದಿ ಇರೋ ಇಂಗ್ಲೆಂಡಾಗ ಅದು ನಡ್ಯಾಂಗಿಲ್ಲ.

ಆದ್ರ ನಿಲ್ಲೋ ಪಾಠ ಐತಲ್ಲ, ಅದು ಎರಡಕ್ಕೂ ಒಂದ. ಮಾಡೋ ರೀತಿ:

ಮರಿ ನಿನ್ನಿಂದ 2 ಮೀಟರ್ ದೂರ ಹೋಗುವಾಗ ಒಂದ ಉದ್ದ ಸೀಟಿ ಊದು, ಕೈ ಮ್ಯಾಲ ಎತ್ತು. ತಿರುಗಿ ನೋಡಿದ ಕೂಡ್ಲೇ ತಿನಿಸು ಅದರ ಬೆನ್ನ ಹಿಂದಕ್ಕ ಬೀಳೂಹಂಗ ಎಸಿ. ಕೈಯಾಗ ಕೊಡಬ್ಯಾಡ. ಕೈಯಾಗ ಕೊಟ್ರ ಸೀಟಿ ಕೇಳಿದ್ರ ಹತ್ರ ಬರಬೇಕು ಅಂತ ಕಲೀತದ, ನಿಂತಲ್ಲೇ ನಿಲ್ಲೋದಿಲ್ಲ, ಒಂದೊಂದ ಹೆಜ್ಜಿ ತೆವಳ್ಕೋಂತ ಬರತದ. ನಿನಗ ಬೇಕಾಗಿದ್ದು ಬ್ರೇಕು. 2 ಮೀಟರ್ ಪಕ್ಕಾ ಆದ ಮ್ಯಾಲ 5, ಆಮೇಲೆ 10, 20. ದಿನಾ ಎರಡ ಸಲ, ಸಲಕ್ಕ ಐದಾರ ಸೀಟಿ, ಹೆಚ್ಚ ಬ್ಯಾಡ. ಹತ್ತರಾಗ ಒಂಬತ್ತು ಸಲ ನಿಂತ್ರ ಮಾತ್ರ ದೂರ ಹೆಚ್ಚಿಸು.

ವಾಘೋಲಿ ಹುಡುಗ
ಕಾಕಾರ, ಮನಿಯೊಳಗ ಚೊಲೋ ನಿಂದರತದ. ಹೊರಗ ಒಂದ ಪಾರಿವಾಳ ಕಂಡ್ರ ಸೀಟಿ ಕೇಳಿಸಂಗೇ ಇಲ್ಲ.

ಮುಧೋಳ ಕಾಕಾ
ಕಿವಿ ಐತಿ, ತೆಲಿ ಇಲ್ಲ ಆಗ. 4 ತಿಂಗಳಿಗೆ ಅದು ಸಹಜ. ಮನಿಯಿಂದ ನೇರ ಬಯಲಿಗೆ ಜಿಗಿದಿ ನೀನು. ನಡುವ ಅಂಗಳ, ಸೊಸೈಟಿ ಪಾರ್ಕಿಂಗು, ಖಾಲಿ ರಸ್ತಾ ಅಂತ ಮೂರ ನಾಕ ಮೆಟ್ಟಲ ಇರಬೇಕು. ಹೊರಗ ಉದ್ದ ಹಗ್ಗ ಇಲ್ಲದ ಬಿಡಬ್ಯಾಡ. 10 ಮೀಟರ್, ನಾಡಾ ಪಟ್ಟಿ, 20 ಮಿಲಿಮೀಟರ್ ಅಗಲ. ತುದಿಗೆ ಹಿಡಿಕಿ ಗಂಟು ಬ್ಯಾಡ, ಜಾಲಿ ಬುಡಕ್ಕ ಸಿಕ್ಕೊಂಡ್ರ ಮುಗೀತು. ಹಗ್ಗ ಹಾರ್ನೆಸ್ಸಿನ ಬೆನ್ನ ರಿಂಗಿಗೆ ಕಟ್ಟು, ಕೊರಳಿಗೆ ಬ್ಯಾಡವೇ ಬ್ಯಾಡ. ಈ ಜಾತಿ ಮೂರ ಜಿಗಿತಕ್ಕ ಪೂರಾ ವೇಗ ಹಿಡೀತದ, ಹಗ್ಗದ ತುದಿ ಬಂತಂದ್ರ ಕೊರಳ ಎಲುಬಿಗೆ ಪೆಟ್ಟು. ಬರೇ ನಡಿಯಾಕಾದ್ರ ಎಳೆದ್ರ ಅಷ್ಟಕ್ಕಷ್ಟ ಬಿಗಿಯೋ ಮಾರ್ಟಿಂಗೇಲ್ ಪಟ್ಟಿ ತಗೋ. ಮುಧೋಳದ ತೆಲಿ ಕೊರಳಿಗಿಂತ ಸಣ್ಣದು, ಸಾದಾ ಬೆಲ್ಟಿನಿಂದ ಹಾವಿನಂಗ ಜಾರತದ.

ಕೊತ್ರುಡ್ ನಿವಾಸಿ
ಇಷ್ಟೆಲ್ಲ ಯಾಕೆ? ಗುಂಡಿ ಒತ್ತಿದ್ರೆ ಕೊರಳಿಗೆ ಶಾಕ್ ಕೊಡೋ ರಿಮೋಟ್ ಕಾಲರ್ ಆನ್‌ಲೈನಲ್ಲಿ ಸಿಗತ್ತೆ. ಎರಡು ಸಲ ಒತ್ತಿದ್ರೆ ನಿಲ್ಲೋದು ಕಲೀತದೆ. ಅಮೆರಿಕದಲ್ಲಿ ಬೀಗಲ್‌ಗಳಿಗೆ ಜಿಂಕೆ ಅಟ್ಟೋ ಚಟ ಬಿಡಿಸೋಕೆ ಇದನ್ನೇ ಹಾಕ್ತಾರಲ್ಲ.

ಗೆಜ್ಜೆ ಸದ್ದು
ಜಿಂಕೆ ಬಿಡಿಸೋದಕ್ಕೂ ಗಿಡುಗದ ಪಕ್ಕ ನಿಲ್ಲಿಸೋದಕ್ಕೂ ವ್ಯತ್ಯಾಸ ಇದೆ ಸರ್. ಹೊಡೆತ ಬಿದ್ದ ಕ್ಷಣ ನಾಯಿ ಏನು ನೋಡ್ತಿತ್ತೋ, ಏನು ಕೇಳ್ತಿತ್ತೋ ಅದಕ್ಕೆ ನೋವು ಅಂಟಿಕೊಳ್ಳತ್ತೆ. ಇಲ್ಲಿ ಅದು ಹಕ್ಕಿಯನ್ನ ನೋಡ್ತಿರತ್ತೆ, ಹಕ್ಕಿಯ ಕಾಲಿನ ಗೆಜ್ಜೆ ಕೇಳ್ತಿರತ್ತೆ. ಆಮೇಲೆ ಗೆಜ್ಜೆ ಸದ್ದಾದರೆ ಪೊದೆಗೇ ಹೋಗದ ನಾಯಿ ನಿಮ್ಮ ಪಾಲಿಗೆ. ಇಲ್ಲವೇ ಹಕ್ಕಿಯನ್ನ ಕಂಡರೆ ಹಲ್ಲು ಕಿರಿಯೋ ನಾಯಿ. ಎರಡನೆಯದು ಇನ್ನೂ ಕೆಟ್ಟದ್ದು. ವೇಲ್ಸ್‌ನಲ್ಲಂತೂ 2010ರಿಂದ ಆ ಶಾಕ್ ಕಾಲರ್ ನಿಷೇಧ.

ಸೀಟಿ ಮಾತು ಬಂತಲ್ಲ, ಇನ್ನೊಂದು. ಗಿಡುಗಕ್ಕೆ ಕೈಗೆ ಬಾ ಅನ್ನೋ ಶಿಳ್ಳೆ ಇರತ್ತೆ. ನಾಯಿಗೂ ಅದೇ ಶಿಳ್ಳೆ ಹಾಕಿದರೆ ಏನಾಗತ್ತೆ ಯೋಚಿಸಿ. ಪೊದೆಯಲ್ಲಿ ನಾಯಿಗೆ ಮೊಲದ ವಾಸನೆ ಸಿಕ್ಕಿದೆ, ನೀವು ನಾಯಿಯನ್ನ ಎಡಕ್ಕೆ ಕರೆಯೋಕೆ ಊದಿದಿರಿ, ಹಕ್ಕಿ ಮರ ಬಿಟ್ಟು ನಿಮ್ಮ ಕೈಗೆ ಬಂತು, ಅದೇ ಹೊತ್ತಿಗೆ ಮೊಲ ಹೊರಗೆ ಓಡಿತು. ಒಂದು ಬಾಯಲ್ಲಿ ಹಾಕೋದು, ಇನ್ನೊಂದು ಪ್ಲಾಸ್ಟಿಕ್ ಸೀಟಿ ಮಾಡಿಕೊಳ್ಳಿ. ಅಕ್ಮೆ ಕಂಪನಿಯ 211.5 ಅನ್ನೋ ನಂಬರಿನ ಸೀಟಿ ನಾಯಿಯವರಲ್ಲಿ ಸಾಮಾನ್ಯ. ನಂಬರ್ ಇರೋದರ ಅನುಕೂಲ ಏನಂದ್ರೆ, ಕಳೆದುಹೋದರೂ ಅದೇ ಸ್ವರದ ಇನ್ನೊಂದು ಸಿಗತ್ತೆ.

ಟೇಕಡಿ ನಡಿಗೆ
ನಡುವೆ ಬಾಯಿ ಹಾಕ್ತಿದ್ದೀನಿ, ಆದರೆ ಇದನ್ನ ಹೇಳಲೇಬೇಕು. ಇದನ್ನ ಓದಿ ಯಾರಾದರೂ ಪುಣೆ ಹತ್ತಿರದ ಸಾಸ್ವಡ ಕಡೆ ನಾಯಿ ಬಿಡೋಕೆ ಹೊರಟರೆ ಕಷ್ಟ.

ಕನ್ನಡದಲ್ಲಿ ನಾವು ಎರಡನ್ನೂ ಮೊಲ ಅಂತೀವಿ. ಇಂಗ್ಲೆಂಡಿನದು ಬಿಲ ತೋಡಿ ಗುಂಪಾಗಿರೋ ಮೊಲ, ಅಪಾಯ ಕಂಡರೆ ಹತ್ತಿರದ ಬಿಲಕ್ಕೆ ನುಗ್ಗತ್ತೆ. ನಮ್ಮ ದಖ್ಖನಿನದು ಕಪ್ಪು ಕತ್ತಿನ ಕಾಡುಮೊಲ. ಬಿಲ ತೋಡಲ್ಲ, ಹುಲ್ಲಲ್ಲಿ ಗುಳಿ ಮಾಡಿಕೊಂಡು ಒಂಟಿಯಾಗಿ ಕೂತಿರತ್ತೆ, ಎದ್ದರೆ ಬಯಲಲ್ಲೇ ದೂರ ಓಡತ್ತೆ.

ಅಲ್ಲಿ 2004ರ ಹಂಟಿಂಗ್ ಆಕ್ಟ್ ಪ್ರಕಾರ ಜಮೀನು ನಿಮ್ಮದಿದ್ದರೆ ಅಥವಾ ಜಮೀನಿನವರ ಒಪ್ಪಿಗೆ ಇದ್ದರೆ ನಾಯಿ ಬಿಟ್ಟು ಮೊಲ ಹಿಡಿಯಬಹುದು, ಗಿಡುಗಕ್ಕಾಗಿ ನಾಯಿಯಿಂದ ಎಬ್ಬಿಸೋದಕ್ಕೂ ವಿನಾಯಿತಿ ಇದೆ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಕಲಂ 9 ಬೇಟೆಯನ್ನ ನಿಷೇಧಿಸತ್ತೆ. ಬೇಟೆ ಅಂದರೇನು ಅನ್ನೋದು ಕಲಂ 2(16)ರಲ್ಲಿದೆ: ಕೊಲ್ಲೋದು ಮಾತ್ರ ಅಲ್ಲ, ನಾಯಿ ಬಿಟ್ಟು ಅಟ್ಟಿಸಿಕೊಂಡು ಹೋಗೋದು, ಓಡಿಸೋದು, ಅದಕ್ಕೆ ಪ್ರಯತ್ನ ಮಾಡೋದು ಕೂಡ ಬೇಟೆಯೇ. "ನನ್ನ ನಾಯಿ ಹಿಡಿಯಲಿಲ್ಲ, ಸುಮ್ಮನೆ ಓಡಿತು" ಅನ್ನೋ ಮಾತು ನಿಲ್ಲಲ್ಲ. ಇಲ್ಲಿನ ಗಿಡುಗಗಳನ್ನ ಹಿಡಿದು ಸಾಕೋದೂ ಅಪರಾಧ.

ಕಾನೂನು ಬದಿಗಿಟ್ಟರೂ, ಪುಣೆ ಸುತ್ತಲ ಹುಲ್ಲುಗಾವಲಲ್ಲಿ ತೋಳ, ನರಿ, ಚಿಂಕಾರ ಅನ್ನೋ ಸಣ್ಣ ಹುಲ್ಲೆ ಇವೆ. ಬಾರಾಮತಿ ತಾಲೂಕಿನ ಸುಪೆ ಹತ್ತಿರ ಮಯೂರೇಶ್ವರ ಅಭಯಾರಣ್ಯ ಇರೋದೇ ಚಿಂಕಾರಕ್ಕಾಗಿ. ನಾಯಿಯಿಂದ ತೋಳ, ನರಿಗೆ ಡಿಸ್ಟೆಂಪರ್ ಅನ್ನೋ ವೈರಸ್ ರೋಗ ಹರಡತ್ತೆ. ಪುಣೆ ಊರೊಳಗಿನ ವೇತಾಳ ಟೇಕಡಿ ಗುಡ್ಡದಲ್ಲೂ ನವಿಲಿನ ಹಿಂದೆ ನಾಯಿ ಬಿಡೋರಿದ್ದಾರೆ, ದಯವಿಟ್ಟು ಚೈನ್ ಹಾಕಿ.

ಮುಧೋಳ ಕಾಕಾ
ಅಕ್ಕಾರ ಹೇಳಿದ್ದು ಖರೆ. ಬೇಟಿ ನಾಯಿ ಅಂದ್ರ ನಮ್ಮ ಕಡೆ ಅಭಿಮಾನ ಭಾಳ. ಮಂಡ್ಯ ಸೀಮಿ ಆತಕೂರಾಗ ಹಂದಿ ಕೂಡ ಬಡಿದಾಡಿ ಸತ್ತ ಕಾಳಿ ಅನ್ನೋ ನಾಯಿಗೆ ವೀರಗಲ್ಲು ನಿಲ್ಲಿಸ್ಯಾರ, ಹತ್ತನೇ ಶತಮಾನದಾಗ. ಮುಧೋಳ ನಾಯಿ ಮ್ಯಾಲ 2005ರಾಗ ಅಂಚೆ ಚೀಟಿ ಬಂತು. ಅಭಿಮಾನ ಇರಲಿ, ಮೊಲದ ಹಿಂದ ಬಿಡೋದು ಬ್ಯಾಡ. ಓಡೋ ಆಸೆ ತೀರಿಸಾಕ ಬ್ಯಾರೆ ದಾರಿ ಐತಿ.

ಬಿದಿರ ಕೋಲು ಒಂದೂವರಿ ಮೀಟರ್, ತುದಿಗೆ 2 ಮೀಟರ್ ಹಗ್ಗ, ಹಗ್ಗದ ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲ ಇಲ್ಲಾ ಕುರಿ ತೊಗಲಿನ ತುಂಡು. ನೆಲದ ಮ್ಯಾಲ ಎಳಿ, ಗಾಳ್ಯಾಗ ಎತ್ತಬ್ಯಾಡ, ಜಿಗಿದ್ರ ಮೊಣಕಾಲಿಗೆ ಪೆಟ್ಟು. 20-30 ಸೆಕೆಂಡ್ ಓಟ, ಒಂದ ಸಲಕ್ಕ ಮೂರು, ವಾರಕ್ಕ ಎರಡ ದಿವಸ. ಗಿರಗಿಟ್ಲಿ ತಿರುಗಿಸಿದಂಗ ಗರಾಗರಾ ಸುತ್ತಿಸಬ್ಯಾಡ. ಓಡೋದರ ನಡುವ ನಿಲ್ಲೋ ಸೀಟಿ ಊದು. ನಿಂತ್ರ ಚೀಲ ಮತ್ತ ಜೀವಂತ ಆಗತದ. ನಿಲ್ಲಲಿಲ್ಲಂದ್ರ ಚೀಲ ಸತ್ತು ಬೀಳತದ, ಅಲ್ಲಾಡಂಗಿಲ್ಲ. ಇದಕ್ಕಿಂತ ದೊಡ್ಡ ಬಕ್ಷೀಸು ಕಣ್ಣಿನ ನಾಯಿಗೆ ಇಲ್ಲ, ಬಿಸ್ಕೀಟಿಗೆ ಅದು ಕ್ಯಾರೇ ಅನ್ನಂಗಿಲ್ಲ.

ಡಾಕ್ಟರಕ್ಕ
ಕಾಕಾ ಹೇಳಿದ ಓಟದ ಲೆಕ್ಕಕ್ಕೆ ಒಂದು ಸೇರಿಸ್ತೀನಿ. ಈ ತಳಿಯ ಎಲುಬಿನ ಬೆಳವಣಿಗೆಯ ತುದಿಗಳು ಮುಚ್ಚೋಕೆ ಸುಮಾರು ಒಂದು ವರ್ಷ ಬೇಕು. ಅದಕ್ಕೆ ಮೊದಲು ಡಾಂಬರು, ಕಾಂಕ್ರೀಟು, ಒಣ ಗರಸು ನೆಲದ ಮೇಲೆ ಪೂರ್ತಿ ವೇಗದ ಓಟ ಬೇಡ. ಹುಲ್ಲು ಅಥವಾ ಉತ್ತ ಮಣ್ಣು ಸರಿ. ಮೋಟಾರಿನಲ್ಲಿ ಎಳೆಯೋ ಉದ್ದ ದಾರದ ಲೂರ್ (ಅಟ್ಟಿಸಿಕೊಂಡು ಓಡೋಕೆ ಕಟ್ಟೋ ನಕಲಿ ಬೇಟೆ) ಒಂದು ವರ್ಷದ ಮೇಲೇ. ನೈಲಾನ್ ದಾರ ಕಾಲಿಗೆ ಸುತ್ತಿದರೆ ಚಾಕು ಹಾಕಿದ ಹಾಗೆ ಕೊಯ್ಯತ್ತೆ.

ಊಟ ಆಗಿ ಎರಡು ಗಂಟೆ ಓಟ ಇಲ್ಲ. ಎದೆ ಆಳವಾದ ನಾಯಿಗಳಲ್ಲಿ ಹೊಟ್ಟೆ ತಿರುಚಿಕೊಳ್ಳೋ ಅಪಾಯ ಇದೆ. ಹೊಟ್ಟೆ ಉಬ್ಬಿ, ವಾಂತಿಗೆ ಪ್ರಯತ್ನಿಸಿ ಏನೂ ಬರದಿದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆ.

ಏಪ್ರಿಲ್, ಮೇ ತಿಂಗಳ ಪುಣೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ನಾಲಿಗೆ ಅಗಲವಾಗಿ ಹೊರಗೆ ಚಾಚಿ ಕಡುಗೆಂಪಾದರೆ, ನಡಿಗೆ ತೂರಾಡಿದರೆ ಅಲ್ಲೇ ನೆರಳಲ್ಲಿ ನಿಲ್ಲಿಸಿ ಮೈಮೇಲೆಲ್ಲ ನೀರು ಸುರಿದು ಗಾಳಿ ಹಾಕಿ, ಆಮೇಲೆ ಗಾಡಿಗೆ ಹತ್ತಿಸಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಶಾಖ ಒಳಗೇ ಉಳಿಯತ್ತೆ.

ಮಳೆಗಾಲದಲ್ಲಿ ಉಣ್ಣಿ ಕಚ್ಚಿ ಬರೋ ಜ್ವರ, ನಿಂತ ನೀರಿಂದ ಲೆಪ್ಟೋ ಅನ್ನೋ ಸೋಂಕು. ಲಸಿಕೆಯ ಕೊನೆಯ ಡೋಸ್ 16 ವಾರದ ಸುಮಾರಿಗೆ. ಅದಾಗಿ ಎರಡು ವಾರ ಕಳೆಯೋವರೆಗೆ ಬೀದಿನಾಯಿಗಳು ಓಡಾಡೋ ಬಯಲು ಬೇಡ. ನಿಮ್ಮ ಮರಿ ಈಗ ಆ ಅಂಚಿನಲ್ಲೇ ಇದೆ, ಕಾರ್ಡ್ ತೆಗೆದು ನೋಡಿ.

ವಾಘೋಲಿ ಹುಡುಗ
ನೋಡಿದೆ ಅಕ್ಕಾರ, ರೇಬೀಸ್ ಆಗೇತಿ, ಕೊನೇ ಡಿಎಚ್‌ಪಿಪಿ ಲಸಿಕಿ ಬಾಕಿ ಐತಿ. ಈ ವಾರ ಹಾಕಸ್ತೀನಿ.

ಗೆಜ್ಜೆ ಸರ್, ಇಂಗ್ಲೆಂಡಿನ ನಮ್ಮ ಕಾಕಾನ ಮಗ ಕೇಳಾಕತ್ತಾನ: ಬೀಗಲ್‌ಗೆ ವಾಸನೆ ಪಾಠ ಯಾವಾಗ? ಮತ್ತ, ಹಕ್ಕಿ ಮೊಲ ಹಿಡಿದ ಮ್ಯಾಲ ಏನು?

ಗೆಜ್ಜೆ ಸದ್ದು
ವಾಸನೆ ಪಾಠ 4 ತಿಂಗಳಿಂದ ಶುರು ಮಾಡಬಹುದು. ಮೊಲದ ತೊಗಲು ಫ್ರೀಜರಲ್ಲಿಟ್ಟು, ಬೇಕಾದಾಗ ಕರಗಿಸಿ, ದಾರಕ್ಕೆ ಕಟ್ಟಿ ಹುಲ್ಲ ಮೇಲೆ ಎಳೀಬೇಕು. ಎಳೆಯೋರ ಹೆಜ್ಜೆಯ ಮೇಲೆ ತೊಗಲು ಬರಬಾರದು, ಇಲ್ಲಾಂದ್ರೆ ಮರಿ ಬೂಟಿನ ವಾಸನೆ ಹಿಡಿದು ಹೋಗತ್ತೆ. ಇಬ್ಬರು ಉದ್ದ ಹಗ್ಗದ ಎರಡು ತುದಿ ಹಿಡಿದು, ನಡುವೆ ತೊಗಲು ಕಟ್ಟಿಕೊಂಡು ಸಮಾನಾಂತರವಾಗಿ ನಡೆದರೆ ಜಾಡು ಶುದ್ಧ. ಮೊದಲು 30 ಮೀಟರ್ ನೇರ. ಆಮೇಲೆ ಒಂದು ತಿರುವು. ತಿಂಗಳೊಳಗೆ 200 ಮೀಟರ್, ಮೂರು ತಿರುವು, ಅರ್ಧ ಗಂಟೆ ಹಳೆಯ ಜಾಡು. ಕೊನೆಯಲ್ಲಿ ತಿನಿಸು ಇರಲೇಬೇಕು. ಮುಂಜಾನೆ ಇಬ್ಬನಿ ಇದ್ದಾಗ ಸುಲಭ, ಒಣ ಗಾಳಿ ಮಧ್ಯಾಹ್ನ ಕಷ್ಟ. ಮರಿ ದಾರಿ ತಪ್ಪಿದಾಗ ಬೆರಳು ತೋರಿಸಬೇಡಿ. ಸುಮ್ಮನೆ ನಿಲ್ಲಿ, ಅದೇ ಸುತ್ತು ಹಾಕಿ ಹುಡುಕಿಕೊಳ್ಳಲಿ. ತೋರಿಸಿಕೊಟ್ಟ ಮರಿ ಆಮೇಲೆ ಪೊದೆಯಲ್ಲೂ ತಲೆ ಎತ್ತಿ ನಿಮ್ಮ ಮುಖ ನೋಡ್ತಾ ನಿಲ್ಲತ್ತೆ.

ಹಕ್ಕಿ ಹಿಡಿದ ಮೇಲೆ: ಅದು ರೆಕ್ಕೆ ಅಗಲಿಸಿ ಕೊಡೆ ಹಿಡಿದ ಹಾಗೆ ಬೇಟೆಯನ್ನ ಮುಚ್ಚಿಕೊಳ್ಳತ್ತೆ. ನಾಯಿಗೆ ನಿಲ್ಲೋ ಸೀಟಿ. ಮೊದಲ ಋತುವಿಡೀ ನಾಯಿ ಹಿಂದೆ ಹಗ್ಗ ಎಳೆಯುತ್ತಲೇ ಇರಲಿ, ಅದರ ಮೇಲೆ ಕಾಲಿಡೋಕೆ ಅನುಕೂಲ. ಆದರೆ ಪೊದೆಗೆ 3 ಮೀಟರ್ ಸಾಕು. ನೀವು ಹಕ್ಕಿ ಕಡೆ ನಿಧಾನ, ಬಗ್ಗಿ, ಬದಿಯಿಂದ ಹೋಗಿ. ಮೊಲ ಜೀವ ಇದ್ದರೆ ಮೊದಲು ಅದರ ಕತ್ತು ಮುರಿದು ಮುಗಿಸಿ, ನರಳಿಸಬಾರದು. ಆಮೇಲೆ ಕೈಗವಸಲ್ಲಿ ಒಳ್ಳೆ ಮಾಂಸದ ತುಂಡು ತೋರಿಸಿ. ಹಕ್ಕಿ ಕಾಲು ಬದಲಿಸಿ ಕೈಗೆ ಹತ್ತಿದ ಮೇಲೆ, ಅದಕ್ಕೆ ಕಾಣದ ಹಾಗೆ ಮೊಲವನ್ನ ಚೀಲಕ್ಕೆ ಸೇರಿಸಿ. ಹಕ್ಕಿ ಕೈ ಮೇಲೆ ತಿನ್ನುವಾಗ ನಾಯಿಗೂ ಮಲಗಿದಲ್ಲೇ ಬಹುಮಾನ ಕೊಡಿ. ಎದ್ದು ಬಂದು ತಗೊಳ್ಳೋ ಹಾಗಿಲ್ಲ.

ಒಂದೇ ಒಂದು ಸಲ ನಾಯಿ ಹಕ್ಕಿಯ ಕಾಲಡಿಯಿಂದ ಮೊಲ ಎಳೆದುಕೊಂಡರೆ, ಆ ಹಕ್ಕಿ ಮುಂದಿನ ಸಲ ನಾಯಿ ಹತ್ತಿರ ಬಂದ ಕೂಡಲೇ ಬೇಟೆ ಬಿಟ್ಟು ಹಾರತ್ತೆ, ಇಲ್ಲಾ ನಾಯಿ ಮೇಲೇ ಎರಗತ್ತೆ. ಹಾಗಾದ ದಿನ ಅಲ್ಲಿಗೆ ಮುಗಿಸಿ. ವಾರ ಪೂರ್ತಿ ಸತ್ತ ಮೊಲ, 10 ಮೀಟರ್ ದೂರದ ಪಾಠಕ್ಕೆ ವಾಪಸ್. ನಾಯಿಗೆ ಬೈಯೋದರಿಂದ ಉಪಯೋಗ ಇಲ್ಲ, ಬಿಟ್ಟವರದು ತಪ್ಪು.

ಕೊತ್ರುಡ್ ನಿವಾಸಿ
ಸರಿ, ಕಾಲರ್ ಮಾತು ವಾಪಸ್ ತಗೊಂಡೆ. ಒಂದು ಅನುಮಾನ: ಎರಡಕ್ಕೂ ಗೆಜ್ಜೆ ಕಟ್ಟಿದ್ರೆ ಗೊಂದಲ ಆಗಲ್ವಾ?

ಗೆಜ್ಜೆ ಸದ್ದು
ಹಕ್ಕಿಗೆ ಸಣ್ಣ, ಕೀಚು ದನಿಯದು. ನಾಯಿಗೆ ಹಸುವಿನ ಕೊರಳಿನ ಥರದ ದಪ್ಪ ದನಿಯದು. ನಾಯಿ ಗಂಟೆ ಪೊದೆಯಲ್ಲಿ ಎಲ್ಲಿದೆ ಅಂತ ಹಕ್ಕಿಗೂ ತಿಳಿಸತ್ತೆ, ಅದು ಮರದಿಂದ ಮರಕ್ಕೆ ನಾಯಿಯ ಮುಂದಕ್ಕೇ ಹಾರೋದು ಕಲಿಯತ್ತೆ. ಹಕ್ಕಿ ಕಳೆದುಹೋಗದಂತೆ ಬಾಲಕ್ಕೆ ಟ್ರಾನ್ಸ್‌ಮಿಟರ್ ಬೇರೆ ಇರಬೇಕು, ಗೆಜ್ಜೆ ಒಂದನ್ನೇ ನಂಬಬಾರದು.

ವಾಘೋಲಿ ಹುಡುಗ
ಕಾಕಾರ, ಇವತ್ತ ಮುಂಜಾನೆ ಬಿದಿರ ಕೋಲು ಮಾಡಿದೆ. ಎರಡನೇ ಓಟಕ್ಕ ಸೀಟಿಗೆ ನಿಂತ. ಆದ್ರ ಚೀಲ ಬಾಯಾಗ ಸಿಕ್ಕ ಮ್ಯಾಲ ಬಿಡಾಕ ಒಲ್ಲ, ಜಗ್ಗಿದಷ್ಟೂ ಜಗ್ಗತಾನ.

ಮುಧೋಳ ಕಾಕಾ
ಜಗ್ಗಬ್ಯಾಡ, ಅದ ಅವಗ ಆಟ. ಹಗ್ಗ ಸಡ್ಲ ಬಿಟ್ಟು ಕೋಲು ನೆಲಕ್ಕ ಇಡು. ಚೀಲ ಸತ್ತ ಬಿತ್ತು. ಎರಡನೇ ಚೀಲ ಹಿಂದ ಕಿಸೆದಾಗ ಇಟ್ಕೊಂಡಿರು, ಅದನ್ನ ನೆಲದ ಮ್ಯಾಲ ಅಲ್ಲಾಡಿಸು. ಬಾಯಿ ತೆರದ ಕೂಡ್ಲೇ "ಬಿಡು" ಅನ್ನು, ಮೊದಲ ಅನ್ನಬ್ಯಾಡ. ಹತ್ತಿಪ್ಪತ್ತು ಸಲ ಹಂಗ ಆದ ಮ್ಯಾಲ ಮಾತು ಮೊದಲ, ಚೀಲ ಆಮೇಲೆ. ಆಟ ಮುಗಿಸುವಾಗ ಎರಡನೇ ಚೀಲ ಅವನ ಬಾಯಾಗೇ ಇರಲಿ, ಮನಿ ಬಾಗ್ಲತನಕ ಕಚಗೊಂಡ ಬರಲಿ.

ವಾಘೋಲಿ ಹುಡುಗ
ಸೊಸೈಟಿ ಲಿಫ್ಟಿನ್ಯಾಗ ಮಂದಿ ಹೆಂಗ ನೋಡತಾರ ಅದೊಂದ ಚಿಂತಿ. ನಾಳೆ ಮುಂಜಾನೆ ಎರಡ ಚೀಲ ತಗೊಂಡ ಹೋಗ್ತೀನ್ರಿ.